ಗೇರುಬೀಜಕ್ಕಿಂತ ಹಗುರದ ಮರಿ: ಕಾಂಗರೂವನ್ನು ಲೋಕ ಅರಿತ ಕಥೆ



ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಗೇರುಬೀಜದ ಕಾರ್ಖಾನೆಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಸಿಪ್ಪೆ ತೆಗೆದ ಬೀಜವನ್ನು ಅಲ್ಲಿ ಗಾತ್ರ ನೋಡಿ ಬೇರೆ ಬೇರೆ ದರ್ಜೆಗಳಾಗಿ ಆರಿಸುತ್ತಾರೆ. ಅದರಲ್ಲಿ ‘320’ ಎಂಬುದೊಂದು ದರ್ಜೆ. ಒಂದು ಪೌಂಡಿಗೆ ಹೆಚ್ಚೆಂದರೆ 320 ಬೀಜ ಎಂದು ಅದರ ಅರ್ಥ. ಲೆಕ್ಕ ಹಾಕಿದರೆ ಒಂದು ಬೀಜದ ತೂಕ ಸುಮಾರು ಒಂದೂವರೆ ಗ್ರಾಂ ಆಗುತ್ತದೆ. ಅಂಥ ಒಂದು ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ. ಆಸ್ಟ್ರೇಲಿಯಾದ ಕೆಂಪು ಕಾಂಗರೂವಿನ ಮರಿ ಹುಟ್ಟಿದ ಗಳಿಗೆಯಲ್ಲಿ ಇದಕ್ಕಿಂತಲೂ ಹಗುರ. ಅದರ ತೂಕ ಒಂದು ಗ್ರಾಮಿಗೂ ಕಡಿಮೆ. ಅದೇ ಮರಿ ಗಂಡಾಗಿದ್ದು, ಬೆಳೆದು ನಿಂತರೆ ಸುಮಾರು 85 ಕಿಲೋಗ್ರಾಂ ತೂಗಬಲ್ಲದು.

ನಮ್ಮ ಮನೆಯ ದನ ಒಂಬತ್ತು ತಿಂಗಳಿಗೂ ಮೇಲೆ ಗರ್ಭ ಹೊತ್ತು ಕರು ಹಾಕುತ್ತದೆ. ಹುಟ್ಟಿದ ಕರು ಗಂಟೆಯೊಳಗೆ ತಡವರಿಸುತ್ತ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ಕೆಂಪು ಕಾಂಗರೂ ಗರ್ಭ ಹೊರುವುದು ಕೇವಲ 33 ದಿನ. ಹುಟ್ಟುವ ಮರಿಗೆ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಕೂದಲಿಲ್ಲ, ಹಿಂಗಾಲುಗಳು ಬರಿಯ ಮೊಗ್ಗುಗಳಂತಿರುತ್ತವೆ. ಹಾಗಿದ್ದೂ ಅದು ತಾಯಿಯ ಹೊಟ್ಟೆಚೀಲದೊಳಗೆ ಸೇರಿ ಮೊಲೆತೊಟ್ಟು ಹಿಡಿಯುತ್ತದೆ. ಹೇಗೆ ಸೇರುತ್ತದೆ? ಈ ಒಂದು ಸಣ್ಣ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿ ಅದು ಎಲ್ಲರ ಕಣ್ಣಿಗೂ ಕಾಣುವಂತಾಗಲು ವಿದ್ಯಾವಂತ ಜಗತ್ತಿಗೆ ಮುನ್ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು. ಆ ಮುನ್ನೂರು ವರ್ಷಗಳ ಕಥೆಯೇ ಈ ಲೇಖನದ ವಸ್ತು.

ಅದಕ್ಕೆ ಮೊದಲು ನೀವು ಇನ್ನೊಂದು ಪ್ರಶ್ನೆಯನ್ನು ಕೇಳಬಹುದು. ಬೈಂದೂರು ತಾಲ್ಲೂಕಿನ ಕೊಲ್ಲೂರಿನ ಸುತ್ತ ಮೂಕಾಂಬಿಕಾ ವನ್ಯಧಾಮವಿದೆ. ಅಲ್ಲಿ ಕಡವೆ ಇದೆ, ಕಾಡುಹಂದಿ ಇದೆ, ಬರಿಂಕ ಇದೆ, ಸಿಂಗಳೀಕ ಇದೆ. ಕಾಂಗರೂ ಮಾತ್ರ ಏಕಿಲ್ಲ? ‘ಅದು ಆಸ್ಟ್ರೇಲಿಯಾದ ಪ್ರಾಣಿ’ ಎಂದುಬಿಟ್ಟರೆ ಉತ್ತರವಾಗುವುದಿಲ್ಲ. ಆಸ್ಟ್ರೇಲಿಯಾ ಮತ್ತು ನಮ್ಮ ದೇಶ ಒಂದು ಕಾಲದಲ್ಲಿ ಒಂದೇ ಭೂಖಂಡದ ಭಾಗಗಳಾಗಿದ್ದವು.

ಇದರ ಕುರುಹು ನಿಮ್ಮ ಕಡಲಿನಲ್ಲೇ ಇದೆ. ಬ್ರಹ್ಮಾವರದಿಂದ ಸ್ವಲ್ಪ ದಕ್ಷಿಣಕ್ಕೆ, ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳನ್ನು, ಊರವರ ಮಾತಿನಲ್ಲಿ ತೋನ್ಸೆಪಾರನ್ನು, ನಿಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ನೋಡಿರಬಹುದು. ಯಾರೋ ಕಡಿದು ಜೋಡಿಸಿಟ್ಟಂತೆ ಮೂಲೆಮೂಲೆಯಾಗಿ ನಿಂತ ಆ ಕಲ್ಲಿನ ಕಂಬಗಳು ಕರಗಿದ ಶಿಲೆ ಆರಿ ಬಿರುಕು ಬಿಟ್ಟಾಗ ಆದವು. ಆಗ ಮಡಗಾಸ್ಕರ್ ಭಾರತದ ಪಶ್ಚಿಮದ ಅಂಚಿಗೆ ಅಂಟಿಕೊಂಡಿತ್ತು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಅದು ನಮ್ಮಿಂದ ಹರಿದು ಬೇರೆಯಾಗುತ್ತಿದ್ದಾಗ ಭೂಗರ್ಭದಿಂದ ಉಕ್ಕಿ ಬಂದ ಶಿಲಾರಸ ಅದು. ಹೀಗೆ ಒಡೆದುಹೋದ ಮಹಾಭೂಖಂಡಕ್ಕೆ ವಿಜ್ಞಾನಿಗಳು ಗೊಂಡ್ವಾನ ಎಂದು ಹೆಸರಿಟ್ಟರು. ಆ ಹೆಸರು ಬಂದದ್ದೂ ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದಲೇ.

ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾಗಳಿಂದ ಭಾರತ ಕಳಚಿಕೊಂಡದ್ದು ಇನ್ನೂ ಮೊದಲು, ಸುಮಾರು ಹದಿಮೂರು ಕೋಟಿ ವರ್ಷಗಳ ಹಿಂದೆ. ಹೊಟ್ಟೆಚೀಲದ ಸಸ್ತನಿಗಳು ಆಸ್ಟ್ರೇಲಿಯಾವನ್ನು ತಲುಪಿದ್ದು ಆಮೇಲೆ. ಅವು ದಕ್ಷಿಣ ಅಮೆರಿಕದಿಂದ ಅಂಟಾರ್ಕ್ಟಿಕಾದ ಮೂಲಕ ನಡೆದುಹೋದವು. ಅಂಟಾರ್ಕ್ಟಿಕಾ ಆಗ ಈಗಿನಂತೆ ಹಿಮದ ನಾಡಾಗಿರಲಿಲ್ಲ, ಅಲ್ಲಿ ಕಾಡಿತ್ತು. ಈ ದಾರಿಗೆ ಸಾಕ್ಷಿಯಾಗಿ 1982ರಲ್ಲಿ ಅಂಟಾರ್ಕ್ಟಿಕಾದ ಸೀಮೋರ್ ದ್ವೀಪದಲ್ಲಿ ಅಂಥ ಪ್ರಾಣಿಯ ಪಳೆಯುಳಿಕೆ ದೊರೆಯಿತು. ಆಸ್ಟ್ರೇಲಿಯಾದಲ್ಲಿ ಸಿಕ್ಕಿರುವ ಅತಿ ಹಳೆಯ ಪಳೆಯುಳಿಕೆಗಳು ಕ್ವೀನ್ಸ್‌ಲ್ಯಾಂಡಿನ ಮರ್ಗನ್ ಎಂಬಲ್ಲಿನವು. ಅವಕ್ಕೆ ಸುಮಾರು ಐದೂವರೆ ಕೋಟಿ ವರ್ಷ. ಅಣ್ಣ ತಮ್ಮಂದಿರು ಪಾಲಾಗಿ ಬೇರೆ ಮನೆ ಕಟ್ಟಿಕೊಂಡ ಮೇಲೆ ಒಬ್ಬನ ಮನೆಗೆ ಬಂದ ನೆಂಟರು ಇನ್ನೊಬ್ಬನ ಮನೆಯ ಜಗಲಿ ಹತ್ತುವುದಿಲ್ಲವಷ್ಟೆ. ಇಲ್ಲೂ ಆದದ್ದು ಅದೇ.

ಈಗ ಭಾರತದಲ್ಲಿ ಕಾಂಗರೂ ಕಂಡರೆ ಅದು ಮನುಷ್ಯ ತಂದದ್ದು. 2022ರ ಏಪ್ರಿಲ್ ಆರಂಭದಲ್ಲಿ ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯಲ್ಲಿ ಕಾಂಗರೂಗಳು ರಸ್ತೆಯ ಬದಿಯಲ್ಲಿ ಬಡಕಲಾಗಿ ಕಾಣಿಸಿಕೊಂಡಾಗ ಜನ ಬೆರಗಾದರು. ಅರಣ್ಯ ಇಲಾಖೆಯವರು ಅವನ್ನು ಹಿಡಿದು ಸಿಲಿಗುರಿಯ ಬಂಗಾಳ ಸಫಾರಿ ಉದ್ಯಾನಕ್ಕೆ ಸಾಗಿಸಿದರು. ಕಳ್ಳಸಾಗಣೆ ಮಾಡುತ್ತಿದ್ದವರು ಸಿಕ್ಕಿಬೀಳುವ ಭಯದಿಂದ ಬಿಟ್ಟುಹೋಗಿರಬೇಕೆಂದು ಊಹಿಸಲಾಯಿತು.

ಇನ್ನು ಚರಿತ್ರೆಗೆ ಬರೋಣ. 1498ರಲ್ಲಿ ವಾಸ್ಕೋ ಡ ಗಾಮ ನಮ್ಮ ಕರಾವಳಿಗೆ ಬಂದದ್ದು ನಿಮಗೆ ಗೊತ್ತು. ಮಲ್ಪೆಯ ದ್ವೀಪಗಳಿಗೆ ಸೇಂಟ್ ಮೇರಿಯ ಹೆಸರು ಅವನಿಂದಲೇ ಬಂತೆಂಬ ಪ್ರತೀತಿಯೂ ಇದೆ. ಇದಾಗಿ ಎರಡೇ ವರ್ಷದಲ್ಲಿ, 1500ರಲ್ಲಿ, ಪಿನ್ಸೋನ್ ಎಂಬ ಸ್ಪೇನಿನ ನಾವಿಕ ಬ್ರೆಜಿಲ್ ತೀರದಿಂದ ಒಂದು ಓಪೊಸಮ್ ಪ್ರಾಣಿಯನ್ನು ಹಿಡಿದು ತಂದು ತನ್ನ ರಾಜದಂಪತಿಗೆ ತೋರಿಸಿದ. ಯೂರೋಪು ಕಂಡ ಮೊದಲ ಹೊಟ್ಟೆಚೀಲದ ಪ್ರಾಣಿ ಅದು. ಆದರೆ ಕಾಂಗರೂವಿನ ಕುಲ ಅವರಿಗೆ ಪರಿಚಯವಾದದ್ದು ಇನ್ನೊಂದು ದಿಕ್ಕಿನಿಂದ, ಡಚ್ಚರ ಮೂಲಕ.

ಹದಿನೇಳನೆಯ ಶತಮಾನದ ಡಚ್ ಈಸ್ಟ್ ಇಂಡಿಯಾ ಕಂಪನಿ ನಿಮ್ಮ ಸೀಮೆಗೆ ಅಪರಿಚಿತವಲ್ಲ. ಕುಂದಾಪುರದ ಪಕ್ಕದ ಬಸ್ರೂರು ಆಗ ಅಕ್ಕಿಗೆ ಹೆಸರಾದ ದೊಡ್ಡ ರೇವು. ಪೋರ್ಚುಗೀಸರ ತರುವಾಯ ಡಚ್ಚರೂ ಅಲ್ಲಿ ವ್ಯಾಪಾರ ನಡೆಸಿದರು. ಆ ಕಂಪನಿಯ ಹಡಗುಗಳು ಒಂದು ಕಡೆ ಸೂರತ್, ಮಲಬಾರುಗಳಿಗೂ ಇನ್ನೊಂದು ಕಡೆ ಜಾವಾ ದ್ವೀಪದ ಬಟಾವಿಯಾಕ್ಕೂ ಓಡಾಡುತ್ತಿದ್ದವು. ಬಟಾವಿಯಾ ಎಂದರೆ ಇಂದಿನ ಜಕಾರ್ತಾ. ಕಂಪನಿಯ ಅಂಥ ಒಬ್ಬ ವರ್ತಕ ಫ್ರಾನ್ಸಿಸ್ಕೋ ಪೆಲ್ಸಾರ್ಟ್. ಜಹಾಂಗೀರನ ಕಾಲದಲ್ಲಿ ಅವನು ಹಲವು ವರ್ಷ ಆಗ್ರಾದಲ್ಲಿದ್ದು, ಅಲ್ಲಿಯ ನೀಲಿಯ ವ್ಯಾಪಾರ, ಜನಜೀವನ, ಬಡವರ ಪಾಡು ಇವುಗಳ ಬಗ್ಗೆ 1626ರಲ್ಲಿ ಒಂದು ವರದಿ ಬರೆದಿದ್ದ. ಮೊಗಲರ ಇತಿಹಾಸ ಓದುವವರು ಇಂದಿಗೂ ಆ ವರದಿಯನ್ನು ಆಧಾರವಾಗಿ ಬಳಸುತ್ತಾರೆ. ಕಣ್ಣು ತೆರೆದು ನೋಡುವ, ನೋಡಿದ್ದನ್ನು ವಿವರವಾಗಿ ಬರೆಯುವ ಅಭ್ಯಾಸ ಅವನಿಗಿತ್ತು.

ಅವನು ಮುಖ್ಯಾಧಿಕಾರಿಯಾಗಿದ್ದ ‘ಬಟಾವಿಯಾ’ ಎಂಬ ಹೆಸರಿನ ಹಡಗು 1629ರ ಜೂನ್ 4ರಂದು ಆಸ್ಟ್ರೇಲಿಯಾದ ಪಶ್ಚಿಮ ತೀರದ ಆಬ್ರೋಲೋಸ್ ಎಂಬ ಹವಳದ ದ್ವೀಪಗಳ ನಡುವೆ ಬಂಡೆಗೆ ಬಡಿದು ಒಡೆಯಿತು. ಪೆಲ್ಸಾರ್ಟ್ ಸಣ್ಣ ದೋಣಿಯಲ್ಲಿ ಜಾವಾಕ್ಕೆ ಸಹಾಯ ತರಲು ಹೊರಟ. ಅತ್ತ ಅವನು ಹೋದದ್ದೇ ತಡ, ಉಳಿದವರಲ್ಲಿ ಕೆಲವರು ದಂಗೆಯೆದ್ದು ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಅದು ಬೇರೆಯೇ ಒಂದು ಘೋರ ಕಥೆ. ನಮಗೆ ಬೇಕಾದದ್ದು ಇಷ್ಟು: ನೀರು ಹುಡುಕಲು ಇನ್ನೊಂದು ದ್ವೀಪಕ್ಕೆ ಕಳುಹಿಸಲ್ಪಟ್ಟಿದ್ದ ಸೈನಿಕರ ಒಂದು ಗುಂಪು ಬದುಕಿ ಉಳಿಯಿತು. ಅವರನ್ನು ಸಾಕಿದ್ದು ಆ ದ್ವೀಪದ ಸಿಹಿನೀರು ಮತ್ತು ಅಲ್ಲಿ ಹೇರಳವಾಗಿದ್ದ, ಮೊಲದಷ್ಟು ದೊಡ್ಡದಾದ ಒಂದು ವಿಚಿತ್ರ ಪ್ರಾಣಿ.

ಆ ಪ್ರಾಣಿ ಕಾಂಗರೂವಿನ ಚಿಕ್ಕ ಬಂಧು. ಇಂದು ಅದನ್ನು ಟಾಮರ್ ವಾಲಬಿ ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಮರಳಿ ಬಂದ ಪೆಲ್ಸಾರ್ಟ್ ತನ್ನ ದಿನಚರಿಯಲ್ಲಿ ಅದರ ವರ್ಣನೆ ಬರೆದ. ಅವನ ಕಣ್ಣಿಗೆ ಅದು ಒಂದು ಬಗೆಯ ಬೆಕ್ಕು. ತಲೆ ಪುನುಗು ಬೆಕ್ಕಿನದರಂತೆ, ಮುಂಗಾಲು ಬೆರಳುದ್ದ, ಹಿಂಗಾಲು ಬಹಳ ಉದ್ದ, ಬಾಲವೂ ಉದ್ದ. ತಿನ್ನುವಾಗ ಹಿಂಗಾಲ ಮೇಲೆ ಕುಳಿತು ಅಳಿಲಿನಂತೆ ಮುಂಗೈಯಲ್ಲಿ ಹಿಡಿದು ತಿನ್ನುತ್ತದೆ ಎಂದೆಲ್ಲ ಬರೆದ. ಅದೆಲ್ಲ ಸರಿಯೇ. ಆಸ್ಟ್ರೇಲಿಯಾದ ಕಾಂಗರೂ ಕುಲದ ಬಗ್ಗೆ ಯೂರೋಪಿನವರು ಬರೆದಿಟ್ಟ ಮೊದಲ ವಿವರ ಇದು. ಮುಂದೆ ಅವನು ಹೆಣ್ಣಿನ ಹೊಟ್ಟೆಯ ಚೀಲದ ಬಗ್ಗೆ ಹೇಳುತ್ತಾನೆ. ಒಳಗೆ ಕೈಹಾಕಿ ನೋಡಿದರೆ ಅವರೆಕಾಳಿನಷ್ಟು ಚಿಕ್ಕ ಮರಿಗಳು ಮೊಲೆತೊಟ್ಟಿಗೆ ಅಂಟಿಕೊಂಡಿದ್ದವು. ಆದ್ದರಿಂದ ಮರಿ ಮೊಲೆತೊಟ್ಟಿನಿಂದಲೇ ಮೂಡಿ ಬೆಳೆಯುತ್ತದೆ ಎಂದು ಅವನು ತೀರ್ಮಾನಿಸಿದ.

ಹಲಸಿನ ಕಾಯಿ ಮರದ ಕಾಂಡದಿಂದಲೇ ಮೂಡುವಂತೆ ಮರಿಯೂ ಮೊಲೆತೊಟ್ಟಿನಿಂದ ಮೂಡುತ್ತದೆ! ನಗಬೇಡಿ. ಅವನ ಜಾಗದಲ್ಲಿ ನೀವಾಗಲಿ ನಾನಾಗಲಿ ಇದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು. ಮರಿಯ ಬಾಯೊಳಗೆ ತೊಟ್ಟಿನ ತುದಿ ಉಬ್ಬಿಕೊಳ್ಳುತ್ತದೆ. ಬಾಯಿ ಅದರ ಸುತ್ತ ಬಿಗಿಯಾಗಿ ಕೂಡಿಕೊಂಡಿರುತ್ತದೆ. ಬಲವಂತವಾಗಿ ಎಳೆದರೆ ರಕ್ತ ಬರುತ್ತದೆ. ರಕ್ತ ಬಂದದ್ದನ್ನು ಕಂಡವನು ಇವೆರಡೂ ಒಂದೇ ದೇಹವೆಂದು ತಿಳಿಯುವುದು ಸಹಜ. ಪೆಲ್ಸಾರ್ಟ್ ಕಂಡದ್ದು ನಿಜ, ತರ್ಕಿಸಿದ್ದು ತಪ್ಪು. ಅವನು 1630ರಲ್ಲಿ ತೀರಿಕೊಂಡ. ದಿನಚರಿ 1647ರಲ್ಲಿ ಅಚ್ಚಾಯಿತು. ಅದನ್ನು ಓದದವರೂ, ಅವನ ಹೆಸರೇ ಕೇಳದವರೂ, ಮುಂದೆ ತಾವೇ ಚೀಲದೊಳಗೆ ಇಣುಕಿ ಅದೇ ತೀರ್ಮಾನಕ್ಕೆ ಬಂದರು.

ನೂರನಲವತ್ತು ವರ್ಷ ಕಳೆಯಿತು. 1770ರ ಜೂನ್ ತಿಂಗಳಿನಲ್ಲಿ ಕ್ಯಾಪ್ಟನ್ ಕುಕ್ಕನ ‘ಎಂಡೆವರ್’ ಹಡಗು ಆಸ್ಟ್ರೇಲಿಯಾದ ಪೂರ್ವದ ಹವಳದಿಬ್ಬಕ್ಕೆ ತಗುಲಿ ತಳ ಒಡೆದುಕೊಂಡಿತು. ನೋಡಿ, ಎರಡು ಸಲವೂ ಹಡಗು ಒಡೆದದ್ದರಿಂದಲೇ ಯೂರೋಪಿನವರು ಈ ಪ್ರಾಣಿಯ ಹತ್ತಿರ ಬಂದರು. ರಿಪೇರಿಗೆಂದು ಒಂದು ನದಿಯ ಬಾಯಲ್ಲಿ ಏಳು ವಾರ ನಿಂತಾಗ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅಲ್ಲಿಯ ಗೂಗು ಯಿಮಿದಿರ್ ಜನರ ಬಾಯಿಂದ ಕೇಳಿ ‘ಕಾಂಗುರು’ ಎಂಬ ಹೆಸರನ್ನು ಬರೆದುಕೊಂಡ.

‘ಈ ಪ್ರಾಣಿ ಯಾವುದು’ ಎಂದು ಕೇಳಿದಾಗ ಆ ಜನ ತಮ್ಮ ಭಾಷೆಯಲ್ಲಿ ‘ಗೊತ್ತಿಲ್ಲ’ ಎಂದರು, ಅದೇ ಹೆಸರಾಯಿತು ಎಂಬ ಕಥೆಯನ್ನು ನೀವು ಕೇಳಿರುತ್ತೀರಿ. ನಾನೂ ಶಾಲೆಯಲ್ಲಿ ಅದನ್ನು ಕೇಳಿ ಬಹಳ ಕಾಲ ನಂಬಿದ್ದೆ. ಕಥೆ ಚೆನ್ನಾಗಿದೆ, ಆದರೆ ಸುಳ್ಳು. 1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ವಿದ್ವಾಂಸ ಆ ಜನರ ಜೊತೆ ಇದ್ದು ಅವರ ಭಾಷೆಯನ್ನು ಕಲಿತಾಗ, ಅದರಲ್ಲಿ ‘ಗಂಗುರ್ರು’ ಎಂಬ ಪದ ಜೀವಂತವಾಗಿಯೇ ಇತ್ತು. ಅದು ಕಪ್ಪು ಛಾಯೆಯ ದೊಡ್ಡ ಕಾಂಗರೂ ಒಂದರ ಹೆಸರು. ಗೊಂದಲಕ್ಕೆ ಕಾರಣ ಬೇರೆ. ಬ್ರಹ್ಮಾವರದಿಂದ ದಕ್ಷಿಣಕ್ಕೆ ಹೊಳೆ ದಾಟಿದರೆ ಕುಂದಗನ್ನಡ ಹಿಂದೆ ಬಿದ್ದು ತುಳು ಕೇಳಿಸತೊಡಗುತ್ತದಲ್ಲ, ಆಸ್ಟ್ರೇಲಿಯಾದಲ್ಲೂ ಹಾಗೆಯೇ ನೂರಾರು ಭಾಷೆಗಳಿದ್ದವು. 1788ರಲ್ಲಿ ಸಿಡ್ನಿಯಲ್ಲಿ ಇಳಿದ ಇಂಗ್ಲಿಷರು ಅಲ್ಲಿಯ ಜನರ ಮುಂದೆ ಇದೇ ಪದವನ್ನು ಬಳಸಿದಾಗ ಅವರಿಗೆ ಅದು ತಿಳಿಯಲಿಲ್ಲ. ಅವರ ಭಾಷೆ ಬೇರೆ, ಅದರಲ್ಲಿ ಹೆಸರೂ ಬೇರೆ. ಒಂದು ಇಡೀ ಜನಾಂಗ ತನ್ನ ನೆಲದ ಪ್ರಾಣಿಯ ಹೆಸರೇ ತಿಳಿಯದೆ ‘ಗೊತ್ತಿಲ್ಲ’ ಎಂದಿತೆಂದು ನಾವು ಇಷ್ಟು ಸುಲಭವಾಗಿ ನಂಬಿದ್ದು ಹೇಗೆಂದು ನನಗೆ ಈಗ ಅನಿಸುತ್ತದೆ.

ಮರಿಯ ಪ್ರಶ್ನೆಗೆ ಮರಳೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕಾಂಗರೂಗಳಿದ್ದವು. ಅಂಗರಚನಾ ಶಾಸ್ತ್ರಜ್ಞ ರಿಚರ್ಡ್ ಓವನ್ 1833ರಲ್ಲಿ ಅವುಗಳ ಮೇಲೆ ಕಣ್ಣಿಟ್ಟು, ಕೂಡಿದ ದಿನದಿಂದ ಲೆಕ್ಕ ಹಿಡಿದು, ಬೂದು ಕಾಂಗರೂವಿನ ಗರ್ಭಾವಧಿ 39 ದಿನ ಎಂದು ಕಂಡುಕೊಂಡ. ಮರಿ ಬೆಳೆಯುವುದು ಗರ್ಭಕೋಶದಲ್ಲೇ ಎಂಬುದು ಇದರಿಂದ ಸ್ಥಿರವಾಯಿತು. ಮೊಲೆತೊಟ್ಟಿನ ವಾದ ವಿದ್ವಾಂಸರ ನಡುವೆ ಸೋತಿತು. ಆದರೆ ಹೆರಿಗೆಯ ಗಳಿಗೆಯನ್ನು ಓವನ್ ಕಣ್ಣಾರೆ ಕಾಣಲಿಲ್ಲ. ಅದು ನಡೆದದ್ದು ರಾತ್ರಿಯಲ್ಲಿ. ಆದ್ದರಿಂದ ಅವನೂ ಊಹಿಸಬೇಕಾಯಿತು: ಇಷ್ಟು ಚಿಕ್ಕ, ಕುರುಡು ಜೀವ ತಾನಾಗಿ ಹೋಗುವುದು ಅಸಾಧ್ಯ, ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವಂತೆ ತಾಯಿಯೇ ತುಟಿಯಲ್ಲಿ ಎತ್ತಿ ಚೀಲಕ್ಕೆ ಹಾಕುತ್ತದೆ. ಒಂದು ತಪ್ಪಿನ ಜಾಗದಲ್ಲಿ ಇನ್ನೊಂದು, ಸ್ವಲ್ಪ ಚಿಕ್ಕ ತಪ್ಪು ಬಂದು ಕುಳಿತಿತು. ಅತ್ತ ಆಸ್ಟ್ರೇಲಿಯಾದ ಹಳ್ಳಿಗಾಡಿನ ಬಿಳಿಯರು ಇಪ್ಪತ್ತನೆಯ ಶತಮಾನದವರೆಗೂ ಹಲಸಿನ ಕಾಯಿಯ ಸಿದ್ಧಾಂತವನ್ನು ಬಿಡಲಿಲ್ಲ.

ಕಣ್ಣಾರೆ ಕಂಡವರು ಆಗೊಬ್ಬರು ಈಗೊಬ್ಬರು ಇದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಒಬ್ಬರು, ಮರಿ ತಾನೇ ಹತ್ತಿಹೋದದ್ದನ್ನು ಕಂಡೆನೆಂದು ಪತ್ರಿಕೆಗೆ ಬರೆದರು. ನಂಬಿದವರು ಕಡಿಮೆ. 1920ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕಾರ್ಲ್ ಹಾರ್ಟ್‌ಮನ್ ಎಂಬ ವಿಜ್ಞಾನಿ ಓಪೊಸಮ್ ಮರಿಗಳು ಹುಟ್ಟಿ ಚೀಲಕ್ಕೆ ತೆವಳಿ ಹೋಗುವುದನ್ನು ನೋಡಿ ವಿವರವಾಗಿ ಪ್ರಕಟಿಸಿದ ಮೇಲೆ ವಿಷಯ ಗಟ್ಟಿಯಾಯಿತು. ಕೊನೆಗೆ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆಯವರು ಕೆಂಪು ಕಾಂಗರೂವಿನ ಹೆರಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಚಲನಚಿತ್ರದಲ್ಲಿ ಸೆರೆಹಿಡಿದರು. ಕ್ಯಾಮೆರಾದ ಎದುರು ಯಾವ ಊಹೆಗೂ ಜಾಗ ಉಳಿಯಲಿಲ್ಲ.

(ದೂರದ ದೇಶದ ಇಂಥ ಸಂಗತಿಗಳನ್ನು ಕನ್ನಡದ ಮಕ್ಕಳು ಕನ್ನಡದಲ್ಲೇ ಓದಬೇಕೆಂದು ಹಟ ಹಿಡಿದವರು ನಿಮ್ಮ ಸೀಮೆಯವರೇ. ಇಂದಿನ ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಆಗ ಕಾಂಗರೂವಿನ ಹೆರಿಗೆಯ ಚಿತ್ರ ಇನ್ನೂ ತೆಗೆದಿರಲಿಲ್ಲ.)

ಆ ಚಿತ್ರದಲ್ಲಿ ಕಾಣುವುದು ಇದು. ತಾಯಿ ಮೊದಲು ಚೀಲದೊಳಗೆ ಮೂತಿ ಹಾಕಿ ನೆಕ್ಕಿ ಶುಚಿ ಮಾಡುತ್ತದೆ. ಆಮೇಲೆ ಬೆನ್ನನ್ನು ಆನಿಸಿ, ಬಾಲವನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಚಾಚಿ ಕೂರುತ್ತದೆ. ಮರಿ ಹೊರಬರುತ್ತದೆ. ಹಿಂಗಾಲು ಕೆಲಸಕ್ಕೆ ಬಾರದಿದ್ದರೂ ಮುಂಗಾಲುಗಳಲ್ಲಿ ಆಗಲೇ ಉಗುರುಗಳಿವೆ. ಒಂದು ಕೈಯ ಬಳಿಕ ಇನ್ನೊಂದು ಕೈ ಚಾಚಿ ತಾಯಿಯ ರೋಮವನ್ನು ಹಿಡಿದು, ತಲೆಯನ್ನು ಅತ್ತಿತ್ತ ಆಡಿಸುತ್ತ ಅದು ಮೇಲಕ್ಕೆ ಈಜಿದಂತೆ ಏರುತ್ತದೆ. ಸುಮಾರು ಐದು ನಿಮಿಷದೊಳಗೆ ಚೀಲದ ಬಾಯಿ ಸಿಗುತ್ತದೆ. ಒಳಗೆ ನಾಲ್ಕು ಮೊಲೆತೊಟ್ಟುಗಳಿವೆ. ಒಂದನ್ನು ಕಚ್ಚಿ ಹಿಡಿಯುತ್ತದೆ. ತಾಯಿ ಎತ್ತುವುದಿಲ್ಲ, ಮರಿಯನ್ನು ಮುಟ್ಟುವುದೂ ಇಲ್ಲ. ಅದು ನೆಕ್ಕುವುದು ದಾರಿ ಮಾಡಿಕೊಡಲೆಂದು ಹಿಂದೆ ಹೇಳುತ್ತಿದ್ದರು. ಅದೂ ಅಲ್ಲ, ತನ್ನ ಮೈಯನ್ನು ಶುಚಿ ಮಾಡಿಕೊಳ್ಳುವುದಷ್ಟೆ.

ಮುಂದಿನ ಬೆಳವಣಿಗೆಯೆಲ್ಲ ಹಾಲಿನ ಮೇಲೆ. ದನ, ಮನುಷ್ಯ, ಮಂಗಗಳಲ್ಲಿ ಮಾಸಿನ ಮೂಲಕ ತಾಯಿಯ ರಕ್ತದಿಂದ ಗರ್ಭಕ್ಕೆ ಆಹಾರ ತಿಂಗಳುಗಟ್ಟಲೆ ಹೋಗುತ್ತದೆ. ಕಾಂಗರೂವಿನಲ್ಲಿ ಮಾಸು ಇಲ್ಲವೆಂದಲ್ಲ, ಇರುವುದು ಕೆಲವೇ ದಿನ. ಉಳಿದ ಕೆಲಸವನ್ನು ಮೊಲೆ ವಹಿಸಿಕೊಂಡಿದೆ. ಕೆಂಪು ಕಾಂಗರೂವಿನ ಮರಿ ಐದು ತಿಂಗಳಿನ ಹೊತ್ತಿಗೆ ಚೀಲದಿಂದ ತಲೆ ಹೊರಗೆ ಹಾಕುತ್ತದೆ. ಆರು ತಿಂಗಳು ದಾಟಿದ ಮೇಲೆ ಇಳಿದು ಹತ್ತಿ ಮಾಡುತ್ತದೆ. ಸುಮಾರು 235ನೆಯ ದಿನ ಚೀಲವನ್ನು ಬಿಡುತ್ತದೆ. ಬಿಟ್ಟ ಮೇಲೂ ತಲೆ ತೂರಿಸಿ ತನ್ನ ಹಳೆಯ ತೊಟ್ಟನ್ನೇ ಹುಡುಕಿ ಕುಡಿಯುತ್ತದೆ, ಒಂದು ವರ್ಷ ತುಂಬುವವರೆಗೆ. ಅಷ್ಟರಲ್ಲಿ ಪಕ್ಕದ ತೊಟ್ಟಿನಲ್ಲಿ ಹೊಸ ಮರಿ ಜೋತುಬಿದ್ದಿರುತ್ತದೆ. ಆಶ್ಚರ್ಯವೆಂದರೆ ಆ ಎರಡು ತೊಟ್ಟುಗಳಲ್ಲಿ ಬರುವ ಹಾಲು ಒಂದೇ ಅಲ್ಲ. ಎಳೆಯದಕ್ಕೆ ತೆಳುವಾದ ಹಾಲು, ದೊಡ್ಡದಕ್ಕೆ ಕೊಬ್ಬು ತುಂಬಿದ ಗಟ್ಟಿ ಹಾಲು. ಒಂದೇ ತಾಯಿ, ಒಂದೇ ಹೊತ್ತು.

ಚೀಲ ಬಿಟ್ಟ ಮರಿ ಕಲಿಯುವ ಮೊದಲ ವಿದ್ಯೆ ಕುಪ್ಪಳಿಸುವುದು. ಇಷ್ಟು ದೊಡ್ಡ ಮೈಯಿದ್ದು ಎರಡೇ ಕಾಲಿನಲ್ಲಿ ಕುಪ್ಪಳಿಸಿ ಸಾಗುವ ಸಸ್ತನಿ ಬೇರೆ ಇಲ್ಲ. ಓಡುವ ಪ್ರಾಣಿಗೆ ವೇಗ ಹೆಚ್ಚಿದಷ್ಟೂ ಶಕ್ತಿಯ ಖರ್ಚು ಹೆಚ್ಚು. 1973ರಲ್ಲಿ ಡಾಸನ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಕಾಂಗರೂವನ್ನು ಚಲಿಸುವ ಪಟ್ಟಿಯ ಮೇಲೆ ಓಡಿಸಿ ಅದು ಬಳಸುವ ಆಮ್ಲಜನಕವನ್ನು ಅಳೆದರು. ಕುಪ್ಪಳಿಸಲು ತೊಡಗಿದ ಮೇಲೆ ವೇಗ ಹೆಚ್ಚಿದರೂ ಖರ್ಚು ಹೆಚ್ಚಲಿಲ್ಲ. ಹಿಂಗಾಲಿನ ಉದ್ದನೆಯ ಸ್ನಾಯುರಜ್ಜುಗಳು ಪ್ರತಿ ಸಲ ನೆಲಕ್ಕೆ ಬಿದ್ದಾಗಲೂ ಸ್ಪ್ರಿಂಗಿನಂತೆ ಹಿಗ್ಗಿ, ಆ ಬಲವನ್ನೇ ಮುಂದಿನ ನೆಗೆತಕ್ಕೆ ಹಿಂತಿರುಗಿಸುತ್ತವೆ. ಮೇವು ನೀರುಗಳು ದೂರ ದೂರ ಇರುವ ಒಣ ನಾಡಿನಲ್ಲಿ ಇದು ದೊಡ್ಡ ಉಳಿತಾಯ. ನಿಧಾನವಾಗಿ ಮೇಯುವಾಗ ಮಾತ್ರ ಅದರ ನಡಿಗೆ ನೋಡಲು ಕಷ್ಟಪಟ್ಟಂತಿರುತ್ತದೆ. ಮುಂಗಾಲು ಊರಿ, ಬಾಲವನ್ನು ನೆಲಕ್ಕೆ ಒತ್ತಿ, ಹಿಂಗಾಲೆರಡನ್ನೂ ಒಟ್ಟಿಗೆ ಮುಂದಕ್ಕೆ ತರುತ್ತದೆ. ಬಾಲ ಅಲ್ಲಿ ಬರಿಯ ಊರುಗೋಲಲ್ಲ. ಉಳಿದ ನಾಲ್ಕು ಕಾಲುಗಳು ಸೇರಿ ತಳ್ಳುವಷ್ಟು ಅದೊಂದೇ ತಳ್ಳುತ್ತದೆ ಎಂದು 2014ರಲ್ಲಿ ಅಳೆದು ತೋರಿಸಿದರು. ನೆಲದ ಮೇಲೆ ಎರಡು ಹಿಂಗಾಲುಗಳನ್ನು ಒಂದರ ನಂತರ ಒಂದು ಆಡಿಸಲಾರದ ಈ ಪ್ರಾಣಿ ನೀರಿಗೆ ಬಿದ್ದರೆ ಬೇರೆ ಬೇರೆಯಾಗಿ ಆಡಿಸಿ ಚೆನ್ನಾಗಿ ಈಜುತ್ತದೆ.

ಬಿಸಿಲಿನ ಹೊತ್ತು ಅವು ಮರದ ನೆರಳಿನಲ್ಲಿ ಗುಂಪಾಗಿ ಬಿದ್ದುಕೊಂಡು, ಮುಂಗೈಯನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡಿ ರಕ್ತವನ್ನು ತಂಪಾಗಿಸಿಕೊಳ್ಳುತ್ತವೆ. ಮೇಯುವುದು ಸಂಜೆ, ರಾತ್ರಿ, ಬೆಳಗಿನ ಜಾವ. ಅಪಾಯದ ಸುಳಿವು ಸಿಕ್ಕಿದ್ದು ಹಿಂಗಾಲಿನಿಂದ ನೆಲವನ್ನು ಧಡ್ಡನೆ ಬಡಿದರೆ ಇಡೀ ಗುಂಪು ಎದ್ದು ಓಡುತ್ತದೆ. ಗಂಡುಗಳು ಎದುರು ಬದುರು ನಿಂತು ಕೈ ಕೈ ಹಿಡಿದು ತಳ್ಳಾಡುವುದು ಹೆಣ್ಣಿಗಾಗಿ. ಬಾಲದ ಮೇಲೆ ಭಾರ ಬಿಟ್ಟು ಎರಡೂ ಹಿಂಗಾಲಿನಿಂದ ಒದೆಯುವುದು ಆ ಕುಸ್ತಿಯ ಕೊನೆಯ ಪಟ್ಟು.

ದೊಡ್ಡ ಕಾಂಗರೂಗಳಿಗೆ ಇಂದು ಸಂಖ್ಯೆಯ ಕೊರತೆಯಿಲ್ಲ. ಪೆಟ್ಟು ಬಿದ್ದದ್ದು ಚಿಕ್ಕ ವಾಲಬಿಗಳಿಗೆ. ಬಿಳಿಯರು ತಂದ ನರಿ, ಬೆಕ್ಕುಗಳು, ಕಡಿದ ಪೊದೆಕಾಡು, ಬೇಟೆ ಇವೆಲ್ಲ ಸೇರಿ ಹಲವು ಜಾತಿಗಳನ್ನು ಅಳಿಸಿದವು. ಟೂಲಾಚ್ ಎಂಬ ಸುಂದರವಾದ ವಾಲಬಿಯ ಕೊನೆಯದು 1939ರಲ್ಲಿ ಸತ್ತಿತು. ಪೆಲ್ಸಾರ್ಟ್ ಕಂಡ ಟಾಮರ್ ಕೂಡ ದಕ್ಷಿಣ ಆಸ್ಟ್ರೇಲಿಯಾದ ಮುಖ್ಯಭೂಮಿಯಿಂದ ಸಂಪೂರ್ಣವಾಗಿ ಮರೆಯಾಯಿತು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಜಾರ್ಜ್ ಗ್ರೇ ಎಂಬ ಗವರ್ನರು ಶೋಕಿಗೆಂದು ಕೆಲವನ್ನು ನ್ಯೂಜಿಲೆಂಡಿನ ತನ್ನ ಕಾವಾವು ದ್ವೀಪಕ್ಕೆ ಒಯ್ದು ಬಿಟ್ಟಿದ್ದ. ಅಲ್ಲಿ ಅವು ಪೀಡೆ ಎನಿಸಿಕೊಳ್ಳುವಷ್ಟು ಹೆಚ್ಚಿದವು. ಅವು ಅಳಿದುಹೋದವೆಂದು ಬರೆದಿಟ್ಟ ಅದೇ ಟಾಮರ್‌ಗಳ ಸಂತತಿ ಎಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ತಿಳಿಯಿತು. 2003ರಲ್ಲಿ ಕೆಲವನ್ನು ಹಿಂದಕ್ಕೆ ತಂದು, ಮರುವರ್ಷದಿಂದ ದಕ್ಷಿಣ ಆಸ್ಟ್ರೇಲಿಯಾದ ಇನ್ನೆಸ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಟ್ಟರು.

ಈ ಟಾಮರ್ ವಾಲಬಿಯಿಂದಲೇ ತಪ್ಪು ಆರಂಭವಾಯಿತೆಂದೆನಲ್ಲ, ಕಾಂಗರೂ ಕುಲದ ಅತಿ ಆಳದ ಗುಟ್ಟೊಂದನ್ನು ಬಿಟ್ಟುಕೊಟ್ಟದ್ದೂ ಇದೇ ಪ್ರಾಣಿ. ಹೆತ್ತ ಒಂದೆರಡು ದಿನದಲ್ಲೇ ಕಾಂಗರೂ ಮತ್ತೆ ಗಂಡನ್ನು ಕೂಡುತ್ತದೆ. ಹೊಸ ಭ್ರೂಣ ಮೂಡುತ್ತದೆ, ಆದರೆ ಬೆಳೆಯುವುದಿಲ್ಲ. ನೂರು ಜೀವಕೋಶಗಳಷ್ಟರ ಸಣ್ಣ ಉಂಡೆಯಾಗಿ ಗರ್ಭಕೋಶದಲ್ಲಿ ಸುಮ್ಮನೆ ಕಾಯುತ್ತದೆ. 1950ರ ದಶಕದಲ್ಲಿ ಜೆಫ್ರಿ ಶಾರ್ಮನ್ ಎಂಬ ವಿಜ್ಞಾನಿ ಕ್ವೋಕ್ಕಾ ಎಂಬ ಚಿಕ್ಕ ವಾಲಬಿಯಲ್ಲಿ ಇದನ್ನು ಗುರುತಿಸಿದ. ಚೀಲದಲ್ಲಿರುವ ಮರಿ ಹಾಲು ಚೀಪುತ್ತಿರುವವರೆಗೆ ಭ್ರೂಣಕ್ಕೆ ತಡೆ. ಮರಿ ಸತ್ತರೆ ಅಥವಾ ಚೀಲ ಬಿಡುವ ಕಾಲ ಹತ್ತಿರವಾದರೆ ತಡೆ ಸರಿದು ಭ್ರೂಣ ಬೆಳೆಯತೊಡಗುತ್ತದೆ. ಬರಗಾಲದಲ್ಲಿ ಕೆಂಪು ಕಾಂಗರೂವಿಗೆ ಹಾಲು ಬತ್ತಿ ಮರಿ ಸತ್ತರೂ ಇನ್ನೊಂದು ಭ್ರೂಣ ಸಿದ್ಧವಾಗಿರುತ್ತದೆ. ಹೀಗೆ ಒಂದೇ ತಾಯಿಯ ಲೆಕ್ಕದಲ್ಲಿ ಕಾಲ ಬಳಿ ಒಂದು, ಚೀಲದಲ್ಲಿ ಒಂದು, ಗರ್ಭದಲ್ಲಿ ಒಂದು.

ಟಾಮರ್ ವಾಲಬಿಯಲ್ಲಿ ಈ ಕಾಯುವಿಕೆ ಹನ್ನೊಂದು ತಿಂಗಳವರೆಗೆ ನಡೆಯುತ್ತದೆ. ಅದನ್ನು ದಶಕಗಳ ಕಾಲ ಬಿಡಿಸಿ ನೋಡಿದ ಹ್ಯೂ ಟಿಂಡೇಲ್-ಬಿಸ್ಕೊ ಹುಟ್ಟಿದ್ದು ನಮ್ಮ ಕಾಶ್ಮೀರದಲ್ಲಿ, 1929ರಲ್ಲಿ. ಅವರ ಅಜ್ಜ ಶ್ರೀನಗರದಲ್ಲಿ ಶಾಲೆ ನಡೆಸಿ ಹೆಸರಾದವರು. ಅವರೂ ಅವರ ಸಹೋದ್ಯೋಗಿಗಳೂ ಕಂಡುಕೊಂಡ ಸಂಗತಿ ಇದು: ಮೊದಲ ಕೆಲವು ತಿಂಗಳು ಭ್ರೂಣವನ್ನು ತಡೆಹಿಡಿಯುವುದು ಚೀಲದ ಮರಿಯ ಚೀಪುವಿಕೆ. ಮರಿ ಚೀಲ ಬಿಡಲು ಸಿದ್ಧವಾಗುವಷ್ಟರಲ್ಲಿ ತಡೆಯುವ ಕೆಲಸವನ್ನು ಹಗಲಿನ ಉದ್ದ ವಹಿಸಿಕೊಳ್ಳುತ್ತದೆ. ಹಗಲು ಬೆಳೆಯುತ್ತಿರುವವರೆಗೆ ಭ್ರೂಣ ಮಲಗಿರುತ್ತದೆ. ಡಿಸೆಂಬರ್ 22ರ ಸುಮಾರಿಗೆ ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲು. ದಕ್ಷಿಣ ಗೋಳದ ಆ ನಾಡಿನಲ್ಲಿ ಅದೇ ಅತಿ ದೊಡ್ಡ ಹಗಲು. ಅದು ದಾಟಿ ಹಗಲು ಕುಗ್ಗತೊಡಗಿದ್ದನ್ನು ತಾಯಿಯ ಮಿದುಳು ಗುರುತಿಸುತ್ತದೆ, ತಡೆ ಸಡಿಲುತ್ತದೆ, ಭ್ರೂಣ ಎಚ್ಚರಗೊಳ್ಳುತ್ತದೆ. ಬಟಾವಿಯಾ ಹಡಗು ಒಡೆದ ಆ ಆಬ್ರೋಲೋಸ್ ದ್ವೀಪಗಳಲ್ಲಿ ಟಾಮರ್‌ಗಳು ಇಂದಿಗೂ ಇವೆ. ಜನವರಿ ಮುಗಿಯುತ್ತ ಬಂದಾಗ ಅಲ್ಲಿ ಅರ್ಧ ಗ್ರಾಮಿಗೂ ಕಡಿಮೆ ತೂಗುವ ಮರಿಗಳು ಹುಟ್ಟಿ, ತಾಯಿಯ ರೋಮ ಹಿಡಿದು ಚೀಲಕ್ಕೆ ಏರುತ್ತವೆ.